ತಾಳವಿಲ್ಲ, ರಾಗವಿಲ್ಲ, ಬರೀ ಗುಂಯ್ ಅನ್ನುವ ಸದ್ದು: ಈ ಸಿಡಿ ಕೆಟ್ಟಿದೆಯಾ?

ಪ್ರಶ್ನೆ: ಜರ್ಮನಿಯಲ್ಲಿ ಕೆಲಸದಲ್ಲಿರುವ ನನ್ನ ತಮ್ಮ ಈ ಸಲ ಊರಿಗೆ ಬರುವಾಗ ಕ್ಲೌಸ್ ಶುಲ್ಟ್ಸೆ ಎಂಬವರ ‘ಇರ್ಲಿಷ್ಟ್’ ಆಲ್ಬಮಿನ ಸಿಡಿ ತಂದುಕೊಟ್ಟ. 1972ರ ಆಲ್ಬಮ್ ಅಂತೆ, ಆಮೇಲೆ ಮರುಬಿಡುಗಡೆ ಆಗಿದ್ದಂತೆ. ಎಲೆಕ್ಟ್ರಾನಿಕ್ ಸಂಗೀತದ ಬೇರು ಇಲ್ಲಿದೆ ಎಂದ. ನನಗೆ ಕ್ರಾಫ್ಟ್‌ವರ್ಕ್ ಎಂಬ ಜರ್ಮನ್ ಎಲೆಕ್ಟ್ರಾನಿಕ್ ಸಂಗೀತದ ತಂಡ ತುಂಬ ಇಷ್ಟ. ಅದೇ ತರಹ ಇರಬಹುದು ಅಂತ ಹಾಕಿದೆ. ತಾಳವೂ ಇಲ್ಲ, ಹಾಡೂ ಇಲ್ಲ. ಮೊದಲ ಹತ್ತು ನಿಮಿಷ ಗಾಳಿ ಬೀಸಿದ ಹಾಗೆ, ಟ್ರಾನ್ಸ್‌ಫಾರ್ಮರ್ ಗುಂಯ್ ಅಂದ ಹಾಗೆ ಸದ್ದು. ಹಿಂದೆ ಸುಯ್ ಅನ್ನುವ ಗದ್ದಲ ಬೇರೆ. ಸಿಡಿ ಕೆಟ್ಟಿದೆಯಾ? ರೆಕಾರ್ಡಿಂಗ್ ಕೆಟ್ಟದಾಗಿತ್ತಾ? ಇದರಲ್ಲಿ ಸಿಂಥಸೈಜರ್, ಅಂದರೆ ವಿದ್ಯುತ್ತಿನಿಂದಲೇ ಸದ್ದು ಹುಟ್ಟಿಸುವ ವಾದ್ಯ, ಎಲ್ಲಿದೆ? ಹಳೆಯ ಎಲ್ಪಿ ಹುಡುಕಿ ಕೇಳಿದರೆ ಬೇರೆ ತರಹ ಕೇಳಿಸುತ್ತದಾ? ಇದನ್ನು ಹೇಗೆ ಕೇಳಬೇಕು ಅಂತ ಹೇಳಿಕೊಡಿ.

ಉತ್ತರ: ನಿಮ್ಮ ಸಿಡಿ ಕೆಟ್ಟಿಲ್ಲ. ಅದನ್ನು ಮೊದಲು ಹೇಳಿಬಿಡುತ್ತೇನೆ, ಯಾಕೆಂದರೆ ಈ ಆಲ್ಬಮನ್ನು ಮೊದಲ ಸಲ ಕೇಳಿದಾಗ ನಾನೂ ಎದ್ದುಹೋಗಿ ಪ್ಲೇಯರಿನ ಹಿಂದಿನ ವೈರ್ ಅಲ್ಲಾಡಿಸಿ ನೋಡಿದ್ದೆ. ನಿಮಗೆ ಕೇಳಿಸಿದ ಆ ಗುಂಯ್, ಆ ನಡುಕ, ಎಲ್ಲೋ ಏನೋ ಹರಿದುಹೋದ ಹಾಗಿನ ಸದ್ದು, ಇವೆಲ್ಲ ಆಲ್ಬಮಿನಲ್ಲೇ ಇವೆ. ಬೇಕು ಅಂತಲೇ ಇಟ್ಟಿದ್ದು. ಇನ್ನೂ ಹೇಳಬೇಕೆಂದರೆ, ಕೆಟ್ಟುಹೋದ ವಸ್ತುಗಳೇ ಇಲ್ಲಿ ವಾದ್ಯಗಳು. ಅದು ಗೊತ್ತಾದ ಮೇಲೆ ಈ ಸಂಗೀತ ಬೇರೆಯೇ ಆಗಿ ಕೇಳಿಸುತ್ತದೆ. ಹಾಗಾಗಿ ನಿಮ್ಮ ಬೇರೆ ಪ್ರಶ್ನೆಗಳಿಗೆ ಹೋಗುವ ಮೊದಲು, ಇದು ಹೇಗೆ ತಯಾರಾಯಿತು ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಹೆಸರಿನಿಂದಲೇ ಶುರು ಮಾಡೋಣ. ‘ಇರ್ಲಿಷ್ಟ್’ ಅಂದರೆ ಜರ್ಮನ್ ಭಾಷೆಯಲ್ಲಿ ದಾರಿ ತಪ್ಪಿಸುವ ಬೆಳಕು. ರಾತ್ರಿ ಜೌಗು ನೆಲದ ಮೇಲೆ ಮಿಣಮಿಣ ಅನ್ನುತ್ತಾ, ಹತ್ತಿರ ಹೋದರೆ ದೂರ ಸರಿಯುವ ಬೆಂಕಿ. ನಮ್ಮಲ್ಲಿ ಇದಕ್ಕೆ ಅಚ್ಚುಕಟ್ಟಾದ ಮಾತಿದೆ: ಕೊಳ್ಳಿದೆವ್ವ. ಗದ್ದೆಯ ಬದುವಿನಲ್ಲಿ ಕೊಳ್ಳಿ ಹಿಡಿದು ಓಡಾಡುತ್ತದೆ, ಹಿಂದೆ ಹೋದವನು ಬೆಳಗಿನವರೆಗೂ ಸುತ್ತುತ್ತಾನೆ ಅಂತ ಅಜ್ಜಿ ಹೇಳುತ್ತಿದ್ದರಲ್ಲ, ಅದೇ. ಜರ್ಮನ್ನರಿಗೆ ಇದು ಹಳೆಯ ನಂಟು. ಸಂಗೀತಕಾರ ಶೂಬರ್ಟ್ 1827ರಲ್ಲಿ ಬರೆದ ‘ವಿಂಟರ್‌ರೈಸೆ’ ಗೀತೆಗಳ ಮಾಲೆಯಲ್ಲಿ ಇದೇ ಹೆಸರಿನ ಒಂದು ಹಾಡಿದೆ. ಶುಲ್ಟ್ಸೆ ತಮ್ಮ ಮೊದಲ ಸ್ವಂತ ಆಲ್ಬಮಿಗೆ ಈ ಹೆಸರು ಇಟ್ಟರು. ಕೇಳುವಾಗ ಇದನ್ನು ನೆನಪಿಟ್ಟುಕೊಳ್ಳಿ. ಒಂದು ಸ್ವರ ದೂರದಲ್ಲಿ ಕಾಣಿಸುತ್ತದೆ. ಹಿಡಿಯೋಣ ಅನ್ನುವಷ್ಟರಲ್ಲಿ ಅದು ಇನ್ನೆಲ್ಲಿಗೋ ಸರಿದಿರುತ್ತದೆ.

ಶುಲ್ಟ್ಸೆ ಬರ್ಲಿನಿನವರು, 1947ರಲ್ಲಿ ಹುಟ್ಟಿದವರು. ಇದು ಹೊರಬಂದಾಗ ಅವರಿಗೆ ಇಪ್ಪತ್ತೈದರ ಆಸುಪಾಸು. ಆಶ್ಚರ್ಯದ ಮಾತೆಂದರೆ, ಅವರು ಮೂಲತಃ ಡ್ರಮ್ಮರ್. 1970ರಲ್ಲಿ ಬಂದ ಟ್ಯಾಂಜರೀನ್ ಡ್ರೀಮ್ ತಂಡದ ಮೊದಲ ಆಲ್ಬಮ್ ‘ಎಲೆಕ್ಟ್ರಾನಿಕ್ ಮೆಡಿಟೇಶನ್’ನಲ್ಲಿ ಡ್ರಮ್ಸ್ ಬಾರಿಸಿದ್ದು ಇವರೇ. ಮರುವರ್ಷ ಬಂದ ಆಶ್ ರಾ ಟೆಂಪಲ್ ತಂಡದ ಮೊದಲ ಆಲ್ಬಮಿನಲ್ಲೂ ಇವರದೇ ಡ್ರಮ್ಸ್. ಎರಡೂ ತಂಡಗಳಲ್ಲಿ ಜಾಸ್ತಿ ದಿನ ಉಳಿಯಲಿಲ್ಲ. ಟ್ಯಾಂಜರೀನ್ ಡ್ರೀಮಿನಲ್ಲಿದ್ದಾಗ ಆರ್ಗನ್ ಸದ್ದನ್ನು ಟೇಪಿನಲ್ಲಿ ಹಿಡಿದು, ತಿರುಚಿ, ಅದನ್ನು ವೇದಿಕೆಯ ಮೇಲೂ ಬಳಸಬೇಕು ಅಂತ ಅವರಿಗೆ ಆಸೆ. ತಂಡದ ಮುಖ್ಯಸ್ಥ ಎಡ್ಗರ್ ಫ್ರೋಸೆ ಅದಕ್ಕೆ ಒಪ್ಪಲಿಲ್ಲ ಅಂತ ಶುಲ್ಟ್ಸೆ ಮುಂದೆ ಹೇಳಿಕೊಂಡಿದ್ದಾರೆ. ಕೊನೆಗೆ ಒಬ್ಬರೇ ಕೂತರು. ಒಬ್ಬ ಡ್ರಮ್ಮರ್ ಮೊದಲ ಸಲ ತನ್ನದೇ ಆಲ್ಬಮ್ ಮಾಡುತ್ತಾನೆ, ಅದರಲ್ಲಿ ತಾಳ ಹಿಡಿಯುವ ಡ್ರಮ್ಸೇ ಇಲ್ಲ. ನಿಮಗೆ ‘ತಾಳ ಎಲ್ಲಿ’ ಅನ್ನಿಸಿದ್ದು ಸರಿಯಾಗೇ ಇದೆ. ಅವರು ಅದನ್ನು ತಿಳಿದೂ ತಿಳಿದೂ ಹೊರಗಿಟ್ಟರು.

ಆಗಿನ ಪಶ್ಚಿಮ ಬರ್ಲಿನ್ ಇಂಥ ಕೆಲಸಕ್ಕೆ ಒದಗಿ ಬಂದ ಊರು. ಸುತ್ತ ಪೂರ್ವ ಜರ್ಮನಿ, ನಡುವೆ ಗೋಡೆ, ಒಳಗೆ ಒಂದು ದ್ವೀಪದ ಹಾಗೆ ಈ ಅರ್ಧ ನಗರ. ಅಲ್ಲಿ ವಾಸಿಸುವ ಹುಡುಗರಿಗೆ ಪಶ್ಚಿಮ ಜರ್ಮನಿಯ ಕಡ್ಡಾಯ ಸೈನ್ಯಸೇವೆ ಇರಲಿಲ್ಲ. ಹಾಗಾಗಿ ದೇಶದ ಮೂಲೆಮೂಲೆಯಿಂದ ಯುವಕರು ಬಂದು ಸೇರುತ್ತಿದ್ದರು. 1968ರ ಹೊತ್ತಿಗೆ ಹಾಲೆಶೆಸ್ ಊಫರ್ ಎಂಬ ಕಾಲುವೆ ದಂಡೆಯಲ್ಲಿ, ಶೌಬ್ಯೂನೆ ನಾಟಕ ಮಂದಿರದ ಕಟ್ಟಡದಲ್ಲೇ, ಜೋಡಿಯಾಕ್ ಫ್ರೀ ಆರ್ಟ್ಸ್ ಲ್ಯಾಬ್ ಎಂಬ ಜಾಗ ಶುರುವಾಯಿತು. ಒಂದು ಕೋಣೆ ಪೂರ್ತಿ ಕಪ್ಪು, ಇನ್ನೊಂದು ಪೂರ್ತಿ ಬಿಳಿ. ಕಾನ್ರಾಡ್ ಶ್ನಿಟ್ಸ್ಲರ್, ಹಾನ್ಸ್ ಯೋಆಖಿಮ್ ರೋಡೆಲಿಯುಸ್ ಮತ್ತು ಗೆಳೆಯರು ಅದನ್ನು ನಡೆಸುತ್ತಿದ್ದರು. ಯಾರು ಬೇಕಾದರೂ ಬಂದು ಏನು ಬೇಕಾದರೂ ನುಡಿಸಬಹುದಿತ್ತು. ಜಾಸ್ತಿ ಕಾಲ ಬಾಳಲಿಲ್ಲ. ಆದರೆ ಅಲ್ಲಿ ಕಿವಿ ತೆರೆದುಕೊಂಡವರು ಮುಂದಿನ ಹತ್ತು ವರ್ಷ ಜರ್ಮನ್ ಸಂಗೀತವನ್ನೇ ಬದಲಿಸಿದರು. ಅಮೆರಿಕದ ಬ್ಲೂಸ್, ಇಂಗ್ಲೆಂಡಿನ ರಾಕ್ ಇವನ್ನು ನಕಲು ಮಾಡುವುದು ಅವರಿಗೆ ಬೇಡವಾಗಿತ್ತು. ಯುದ್ಧಕ್ಕೆ ಮೊದಲಿನ ತಮ್ಮದೇ ದೇಶದ ಜನಪ್ರಿಯ ಸಂಗೀತವನ್ನು ಮುಂದುವರಿಸುವುದಕ್ಕೂ ಮನಸ್ಸಿರಲಿಲ್ಲ. ಹೊಸದಾಗಿ, ಸದ್ದಿನಿಂದಲೇ ಶುರು ಮಾಡಬೇಕಿತ್ತು.

ಈಗ ನಿಮ್ಮ ಮುಖ್ಯ ಪ್ರಶ್ನೆ. ಸಿಂಥಸೈಜರ್ ಎಲ್ಲಿದೆ? ಇಲ್ಲವೇ ಇಲ್ಲ. ಈ ಆಲ್ಬಮಿನಲ್ಲಿ ಒಂದೂ ಸಿಂಥಸೈಜರ್ ಇಲ್ಲ. ಬಹಳ ಕಡೆ ಇದನ್ನು ಸಿಂಥಸೈಜರ್ ಸಂಗೀತದ ಮೊದಲ ಆಲ್ಬಮುಗಳಲ್ಲಿ ಒಂದು ಅಂತ ಬರೆದುಬಿಡುತ್ತಾರೆ. ಅದು ತಪ್ಪು. ಆ ತಪ್ಪು ಮಾತು ಕೇಳಿ ಬಂದವರಿಗೆ ಈ ಆಲ್ಬಮ್ ನಿಜಕ್ಕೂ ಏನು ಮಾಡಿದೆ ಅನ್ನುವುದೇ ಕಾಣಿಸುವುದಿಲ್ಲ, ಅದಕ್ಕೇ ನನಗೆ ಸಂಕಟ. ಆ ಕಾಲಕ್ಕೆ ದೊಡ್ಡ ಮೂಗ್ ಸಿಂಥಸೈಜರ್ ಅಂದರೆ ಮನೆ ಮಾರಿ ತರುವಂಥ ವಸ್ತು. ಜರ್ಮನಿಯಲ್ಲಿ ಪೋಪೋಲ್ ವು ತಂಡದ ಫ್ಲೋರಿಯಾನ್ ಫ್ರಿಕೆ ಹತ್ತಿರ ಒಂದಿತ್ತು, 1970ರ ‘ಆಫೆನ್‌ಷ್ಟುಂಡೆ’ ಆಲ್ಬಮಿನಲ್ಲಿ ಅದನ್ನು ಕೇಳಬಹುದು. ಶುಲ್ಟ್ಸೆ ಹತ್ತಿರ ಅಷ್ಟು ದುಡ್ಡಿರಲಿಲ್ಲ.

ಅವರ ಹತ್ತಿರ ಇದ್ದಿದ್ದು ಒಂದು ಟೈಸ್ಕೋ ಎಲೆಕ್ಟ್ರಿಕ್ ಆರ್ಗನ್. ಜಪಾನಿನ ಕಂಪನಿಯದು, ಅದೂ ಕೆಟ್ಟಿದ್ದು. ಅದನ್ನು ತಮಗೆ ಬೇಕಾದ ಹಾಗೆ ಬದಲಿಸಿಕೊಂಡರು. ಜೊತೆಗೆ ಒಂದು ಕೆಟ್ಟುಹೋದ ಆಂಪ್ಲಿಫೈಯರ್. ಮೂರನೆಯದು ಟೇಪ್ ರೆಕಾರ್ಡರ್. ನಾಲ್ಕನೆಯದು, ಕಲೋಕ್ವಿಯಂ ಮ್ಯೂಸಿಕಾ ಎಂಬ ಆರ್ಕೆಸ್ಟ್ರಾ ಅಭ್ಯಾಸ ಮಾಡುತ್ತಿದ್ದಾಗ ಹಿಡಿದುಕೊಂಡ ಒಂದು ರೆಕಾರ್ಡಿಂಗ್. ಹೆಚ್ಚುಕಡಿಮೆ ಇಷ್ಟರಲ್ಲೇ ಐವತ್ತು ನಿಮಿಷದ ಸಂಗೀತ.

ಒಂದೊಂದನ್ನೂ ಹತ್ತಿರದಿಂದ ನೋಡಿ. ಪಿಯಾನೋ ಮನೆ ಒತ್ತಿದರೆ ಸದ್ದು ಎದ್ದು ಮೆಲ್ಲಗೆ ಸಾಯುತ್ತದೆ. ಎಲೆಕ್ಟ್ರಿಕ್ ಆರ್ಗನ್ ಹಾಗಲ್ಲ. ಬೆರಳು ಇಟ್ಟಷ್ಟು ಹೊತ್ತೂ ಸ್ವರ ಒಂದೇ ಸಮ ನಿಲ್ಲುತ್ತದೆ. ನಮ್ಮ ಶ್ರುತಿ ಪೆಟ್ಟಿಗೆ ತರಹ. ಸಿಂಥಸೈಜರಿನ ಒಳಗಿರುವ ಮೂಲ ವಸ್ತುವೂ ಇದೇ ಅಲ್ವಾ, ನಿಲ್ಲದೆ ಮೊಳಗುವ ಒಂದು ವಿದ್ಯುತ್ ಸ್ವರ? ಸಿಂಥಸೈಜರಿನಲ್ಲಿ ಆ ಸ್ವರವನ್ನು ಫಿಲ್ಟರಿನಿಂದ ಕೆತ್ತಿ ಆಕಾರ ಕೊಡುತ್ತಾರೆ. ಇಲ್ಲಿ ಆ ಕೆಲಸ ಮಾಡಿದ್ದು ಕೆಟ್ಟ ಆಂಪ್ಲಿಫೈಯರ್. ಸರಿಯಾದ ಆಂಪ್ಲಿಫೈಯರ್ ಒಳಗೆ ಹೋದ ಸದ್ದನ್ನು ಹಾಗೇ ದೊಡ್ಡದು ಮಾಡಿ ಕೊಡುತ್ತದೆ. ಕೆಟ್ಟಿದ್ದು ಕೊಡುವುದಿಲ್ಲ. ಕೆಲವು ಸ್ವರ ನುಂಗುತ್ತದೆ, ಕೆಲವನ್ನು ಒಡೆಯುತ್ತದೆ, ನಡುನಡುವೆ ನಡುಗುತ್ತದೆ. ಬೇರೆಯವರು ರಿಪೇರಿಗೆ ಕೊಡುತ್ತಿದ್ದರು. ಶುಲ್ಟ್ಸೆ ಅದನ್ನು ಫಿಲ್ಟರ್ ಮಾಡಿಕೊಂಡರು. ನೀವು ಟ್ರಾನ್ಸ್‌ಫಾರ್ಮರ್ ಗುಂಯ್ ಅಂತೀರಲ್ಲ, ಅದು ಬಹುಮಟ್ಟಿಗೆ ಈ ಆರ್ಗನ್, ಈ ಆಂಪ್ಲಿಫೈಯರ್ ಸೇರಿ ಮಾಡಿದ ಕೆಲಸ.

ಟೇಪಿನ ವಿಷಯಕ್ಕೆ ಬಂದರೆ ನನಗೆ ಸ್ವಂತ ಅನುಭವವೇ ಇದೆ. ನಾನು ಸ್ಪೂಲ್ ಟೇಪಿನ ಕಾಲದಲ್ಲಿ ಧ್ವನಿಮುದ್ರಣದ ಕೆಲಸ ಕಲಿತವನು. ಒಂದು ದಿನ ವೀಣೆಯ ಟೇಪನ್ನು ಯಾರೋ ಮುಗಿದ ಮೇಲೆ ಹಿಂದಕ್ಕೆ ಸುತ್ತದೆ ಹಾಗೇ ಇಟ್ಟಿದ್ದರು. ನಾನು ನೋಡದೆ ಹಾಕಿದೆ. ಬಾಲ ಮುಂದಾಗಿ ಓಡತೊಡಗಿತು. ಸ್ಪೀಕರಿನಿಂದ ಬಂದ ಸದ್ದು ಇವತ್ತಿಗೂ ಮರೆತಿಲ್ಲ. ವೀಣೆಯಲ್ಲಿ ಮೀಟು ಮೊದಲು, ಅನುರಣನ ಆಮೇಲೆ. ಇಲ್ಲಿ ಅನುರಣನ ಮೊದಲು ಬಂತು. ಎಲ್ಲಿಂದಲೋ ಸಣ್ಣಗೆ ಹುಟ್ಟಿ, ಊದುತ್ತಾ ಊದುತ್ತಾ ದೊಡ್ಡದಾಗಿ, ಕೊನೆಗೆ ಟಕ್ ಅಂತ ಮೀಟಿನಲ್ಲಿ ಮುಗಿಯಿತು. ಅದು ವೀಣೆ ಅಂತ ಹೇಳುವುದೇ ಕಷ್ಟವಾಗಿತ್ತು. ಹಾರ್ಮೋನಿಯಮ್ಮಿನ ಹತ್ತಿರದ, ಆದರೆ ಯಾವ ವಾದ್ಯವೂ ಅಲ್ಲದ ಒಂದು ಸದ್ದು. ನಾವು ವಾದ್ಯವನ್ನು ಗುರುತಿಸುವುದು ಬಹುಪಾಲು ಅದರ ಮೊದಲ ಕ್ಷಣದಿಂದ ಅಂತ ನನಗೆ ಅರ್ಥವಾಗಿದ್ದು ಆವತ್ತು. ಮೊದಲನ್ನು ಕೊನೆಗೆ ಕಳಿಸಿದರೆ ಗುರುತೇ ಹೋಗುತ್ತದೆ.

ಶುಲ್ಟ್ಸೆ ಒಂದು ಇಡೀ ಆರ್ಕೆಸ್ಟ್ರಾಕ್ಕೆ ಇದನ್ನೇ ಮಾಡಿದರು. ಅಭ್ಯಾಸದ ಟೇಪನ್ನು ತಿರುಗಿಸಿ ಓಡಿಸಿದರು. ಪಿಟೀಲು, ಚೆಲ್ಲೋಗಳ ಸದ್ದು ಹಿಂದುಮುಂದಾಯಿತು. ಅದರ ಮೇಲೆ ಆರ್ಗನ್ ಸೇರಿಸಿದರು. ಆಂಪ್ಲಿಫೈಯರಿನಲ್ಲಿ ಹಾಯಿಸಿ ಮತ್ತೆ ಟೇಪಿಗೆ ಇಳಿಸಿದರು. ಕೇಳುವಾಗ ಅಲ್ಲಿ ತಂತಿವಾದ್ಯ ಇದೆ ಅನ್ನಿಸುತ್ತದೆ, ಆದರೆ ಯಾವುದೆಂದು ಹೇಳಲಾಗುವುದಿಲ್ಲ. ಮನುಷ್ಯರು ನುಡಿಸಿದ್ದು ಅಂತ ಗೊತ್ತಾಗುತ್ತದೆ, ಆದರೆ ಉಸಿರು ತಿರುಗುಮುರುಗಾಗಿದೆ. ಈ ಆಲ್ಬಮಿನ ಜೀವ ನನ್ನ ಮಟ್ಟಿಗೆ ಇಲ್ಲೇ ಇದೆ. ಸಿಂಥಸೈಜರ್ ಇದ್ದಿದ್ದರೆ ಒಂದು ಗುಂಡಿ ತಿರುಗಿಸಿ ಹೊಸ ಸದ್ದು ಹುಟ್ಟಿಸಬಹುದಿತ್ತು. ಇಲ್ಲದ ಕಾರಣ, ಇದ್ದ ಸದ್ದಿನ ಗುರುತು ಅಳಿಸಿ ಹೊಸದು ಮಾಡಬೇಕಾಯಿತು. ಅದಕ್ಕೇ ಈ ಸದ್ದಿನಲ್ಲಿ ಹಳೆಯ ಆರ್ಕೆಸ್ಟ್ರಾದ ನೆರಳು ಉಳಿದಿದೆ. ಮುಂದೆ ಒಳ್ಳೊಳ್ಳೆ ಯಂತ್ರ ಸಿಕ್ಕ ಮೇಲೆ ಶುಲ್ಟ್ಸೆ ಎಷ್ಟೋ ಚೆಂದದ ಆಲ್ಬಮ್ ಮಾಡಿದರು. ಈ ನೆರಳು ಮಾತ್ರ ಅಷ್ಟು ದಟ್ಟವಾಗಿ ಮತ್ತೆ ಬರಲಿಲ್ಲ ಅನ್ನುವುದು ನನ್ನ ಅನಿಸಿಕೆ.

ನೀವು ಕೇಳಿದ ಆ ಸುಯ್ ಅನ್ನುವ ಗದ್ದಲಕ್ಕೂ ಇಲ್ಲೇ ಉತ್ತರ ಇದೆ. ಕಾಂತದ ಟೇಪಿಗೆ ಸ್ವಂತದ್ದೊಂದು ಸಣ್ಣ ಸುಯ್ ಸದ್ದು ಇದ್ದೇ ಇರುತ್ತದೆ. ಒಂದು ಟೇಪಿನಿಂದ ಇನ್ನೊಂದಕ್ಕೆ ಇಳಿಸಿದಾಗ ಮೊದಲ ಟೇಪಿನ ಸುಯ್ ಜೊತೆ ಎರಡನೆಯದರ ಸುಯ್ ಕೂಡಿಕೊಳ್ಳುತ್ತದೆ. ಮೂರನೇ ಸಲ ಇಳಿಸಿದರೆ ಇನ್ನಷ್ಟು. ಪದರದ ಮೇಲೆ ಪದರ ಹಾಕಿ ಕಟ್ಟಿದ ಕೆಲಸದಲ್ಲಿ ಅದನ್ನು ತಪ್ಪಿಸುವುದು ಕಷ್ಟ. ಸೂಕ್ಷ್ಮ ಸದ್ದಿನ ಸಂಗೀತದಲ್ಲಿ ಅದು ಎದ್ದು ಕಾಣುತ್ತದೆ. ಈಗಿನ ಕಂಪ್ಯೂಟರ್ ಸಾಫ್ಟ್‌ವೇರಿನಲ್ಲಿ ಅದನ್ನು ತೆಗೆಯಬಹುದು. ದಯವಿಟ್ಟು ನಿಮ್ಮ ಪ್ಲೇಯರಿನಲ್ಲಿ ಅಂಥ ಸೌಲಭ್ಯ ಇದ್ದರೆ ಹಾಕಬೇಡಿ. ಈ ಆಲ್ಬಮಿನಲ್ಲಿ ಗಾಳಿ ಎಲ್ಲಿ ಮುಗಿಯುತ್ತದೆ, ಟೇಪಿನ ಸುಯ್ ಎಲ್ಲಿ ಶುರುವಾಗುತ್ತದೆ ಅಂತ ಗೆರೆ ಎಳೆಯಲು ಆಗುವುದಿಲ್ಲ. ಸುಯ್ ತೆಗೆಯಲು ಹೋದರೆ ಅದರ ಜೊತೆ ಸಂಗೀತದ ತುದಿಯೂ ಹೋಗುತ್ತದೆ.

ಇನ್ನು ಒಳಗಿನ ಭಾಗಗಳು. ಹೊದಿಕೆಯ ಮೇಲೆ ಶುಲ್ಟ್ಸೆ ಇದನ್ನು ‘ಆರ್ಕೆಸ್ಟ್ರಾ ಮತ್ತು ವಿದ್ಯುತ್ ಯಂತ್ರಗಳಿಗಾಗಿ ಕ್ವಾಡ್ರೋಫೋನಿಕ್ ಸಿಂಫನಿ’ ಅನ್ನುವ ಅರ್ಥದಲ್ಲಿ ಕರೆದಿದ್ದಾರೆ. ಕ್ವಾಡ್ರೋಫೋನಿಕ್ ಅಂದರೆ ನಾಲ್ಕು ಮೂಲೆಗೆ ನಾಲ್ಕು ಸ್ಪೀಕರ್. ನಿಮ್ಮ ಸಿಡಿಯಲ್ಲಿರುವುದು ಸಾಮಾನ್ಯ ಸ್ಟೀರಿಯೋ, ಅದಕ್ಕಾಗಿ ತಲೆ ಕೆಡಿಸಿಕೊಳ್ಳಬೇಡಿ. ಸಿಂಫನಿ ಅನ್ನುವ ಮಾತನ್ನು ಮಾತ್ರ ಗಂಭೀರವಾಗಿ ತೆಗೆದುಕೊಳ್ಳಿ. ಸಿಂಫನಿ ಅಂದರೆ ಹಲವು ಭಾಗಗಳಿರುವ ದೊಡ್ಡ ಆರ್ಕೆಸ್ಟ್ರಾ ಕೃತಿ. ಇಲ್ಲಿ ಮೂರು ಭಾಗಗಳಿವೆ, ಪ್ರತಿಯೊಂದಕ್ಕೂ ಜಾಗದ ಅಥವಾ ಹವೆಯ ಹೆಸರು.

ಮೊದಲನೆಯದು ‘ಎಬೆನೆ’, ಅಂದರೆ ಬಯಲು. ಇಪ್ಪತ್ತು ನಿಮಿಷಕ್ಕಿಂತ ಜಾಸ್ತಿ ಇದೆ. ನೀವು ಹತ್ತು ನಿಮಿಷ ಕೇಳಿ ಎದ್ದಿದ್ದು ಇದರಲ್ಲೇ. ಸ್ವಲ್ಪ ಬೇಗ ಎದ್ದಿರಿ! ಮೊದಲ ಅರ್ಧದಲ್ಲಿ ಹಿಂದುಮುಂದಾದ ತಂತಿವಾದ್ಯಗಳ ಮಬ್ಬು ಸುತ್ತುತ್ತಾ ಇರುತ್ತದೆ. ಏನೂ ನಡೆಯುತ್ತಿಲ್ಲ ಅನ್ನಿಸುತ್ತದೆ. ನಡೆಯುತ್ತಿರುತ್ತದೆ. ಬೆಳಗಿನ ಜಾವ ಬಸ್ಸಿನ ಕಿಟಕಿಯಿಂದ ಬಯಲುಸೀಮೆ ನೋಡಿದ ಹಾಗೆ ಅದು. ಕತ್ತಲು ಯಾವಾಗ ಬೂದಿ ಬಣ್ಣವಾಯಿತು, ಬೂದಿ ಯಾವಾಗ ಬೆಳಕಾಯಿತು ಅಂತ ಹೇಳಲಾಗುವುದಿಲ್ಲ. ಆಮೇಲೆ ಆರ್ಗನ್ ಎದ್ದು ಬರುತ್ತದೆ. ಚರ್ಚಿನ ಆರ್ಗನ್ ಹಾಗೆ ದೊಡ್ಡ, ಭಾರವಾದ ಸ್ವರಗುಚ್ಛಗಳು. ಮೊದಲಿನ ಮಬ್ಬಿನಲ್ಲಿ ಕೂತು ಕಾದವರಿಗೆ ಅದು ಬಂದಾಗ ಎದೆ ತುಂಬುತ್ತದೆ. ಸೀದಾ ಅಲ್ಲಿಗೇ ಹಾರಿ ಕೇಳಿದರೆ ಅದು ಬರೀ ಆರ್ಗನ್. ನಾನು ಎರಡೂ ಮಾಡಿ ನೋಡಿದ್ದೇನೆ, ವ್ಯತ್ಯಾಸ ಅಷ್ಟಿದೆ.

ಎರಡನೆಯದು ‘ಗೆವಿಟರ್’, ಗುಡುಗು ಮಳೆ. ಐದೂವರೆ ನಿಮಿಷದ್ದು. ಆರ್ಗನ್ನಿನ ಸ್ವರ ಏರಿ, ಕುಸಿಯುವ ಆಟ. ಮೂರರಲ್ಲಿ ಇದೇ ಚಿಕ್ಕದು, ನನಗೆ ಸ್ವಲ್ಪ ಕಡಿಮೆ ಹಿಡಿಸಿದ್ದೂ ಇದೇ.

ಮೂರನೆಯದು ‘ಎಕ್ಸಿಲ್ ಸಿಲ್ಸ್ ಮರಿಯಾ’. ಇಪ್ಪತ್ತೊಂದು ನಿಮಿಷದ ಮೇಲಿದೆ. ಸಿಲ್ಸ್ ಮರಿಯಾ ಸ್ವಿಟ್ಜರ್ಲೆಂಡಿನ ಬೆಟ್ಟಗಳ ನಡುವಿನ ಒಂದು ಹಳ್ಳಿ. ತತ್ವಜ್ಞಾನಿ ನೀಚೆ 1881ರಲ್ಲಿ, ಆಮೇಲೆ 1883ರಿಂದ 1888ರವರೆಗೆ ಬೇಸಿಗೆಗಳನ್ನು ಅಲ್ಲೇ ಒಂದು ಬಾಡಿಗೆ ಕೋಣೆಯಲ್ಲಿ ಕಳೆದರು. ಕಾಯಿಲೆಯ ದೇಹ, ಒಂಟಿತನ, ಕೆರೆಯ ದಂಡೆಯಲ್ಲಿ ಉದ್ದುದ್ದ ನಡಿಗೆ. ಆ ಮನೆ ಈಗ ಮ್ಯೂಸಿಯಂ. ಶುಲ್ಟ್ಸೆಗೆ ನೀಚೆ ಮೇಲೆ ಮುಂದೆಯೂ ಗಮನ ಇತ್ತು ಅನ್ನಬಹುದು, 1978ರ ‘ಎಕ್ಸ್’ ಆಲ್ಬಮಿನಲ್ಲಿ ಒಂದು ಇಡೀ ಭಾಗಕ್ಕೆ ಅವರ ಹೆಸರನ್ನೇ ಇಟ್ಟಿದ್ದಾರೆ. ‘ಎಕ್ಸಿಲ್’ ಅಂದರೆ ಗಡೀಪಾರು, ಊರು ಬಿಟ್ಟ ಬದುಕು. ಈ ಭಾಗದಲ್ಲಿ ಏರುವುದೂ ಇಲ್ಲ, ಸ್ಫೋಟವೂ ಇಲ್ಲ. ಸದ್ದುಗಳು ದೂರದಿಂದ ಬಂದು, ಹತ್ತಿರ ನಿಲ್ಲದೆ, ಹಾಗೇ ಹೋಗುತ್ತವೆ. ಇಲ್ಲಿ ಕೊಳ್ಳಿದೆವ್ವದ ಹೆಸರು ಪೂರ್ತಿ ಸಾರ್ಥಕ. ಮೊದಲ ಸಲ ಕೇಳುವವರಿಗೆ ಇದೇ ಕಷ್ಟದ್ದು. ನಾನು ಇವತ್ತು ಈ ಆಲ್ಬಮ್ ಹಾಕುವುದು ಬಹುಪಾಲು ಇದಕ್ಕಾಗಿಯೇ.

ಕ್ರಾಫ್ಟ್‌ವರ್ಕ್ ತರಹ ಯಾಕಿಲ್ಲ ಅಂತ ಕೇಳಿದ್ದೀರಿ. ಕ್ರಾಫ್ಟ್‌ವರ್ಕ್ ಡ್ಯೂಸೆಲ್‌ಡಾರ್ಫಿನವರು, ಅವರ ‘ಆಟೋಬಾನ್’ ಬಂದಿದ್ದು 1974ರಲ್ಲಿ. ಅವರದು ಅಳತೆ ಹಿಡಿದು ಕೊಯ್ದ ಚಿಕ್ಕ ಚಿಕ್ಕ ಸ್ವರ, ಯಂತ್ರದ ಹಾಗೆ ಓಡುವ ತಾಳ, ಹಾಡಿನ ರೂಪ. ಬರ್ಲಿನಿನವರದು ಇನ್ನೊಂದು ದಾರಿ. ಉದ್ದದ, ನಿಧಾನ ಬದಲಾಗುವ ಸದ್ದಿನ ಹರಿವು. ಬರ್ಲಿನಿನ ಶೈಲಿ ಅಂದಾಗ ಇವತ್ತು ಎಲ್ಲರಿಗೂ ನೆನಪಾಗುವ ಆ ಟಕಟಕ ಓಡುವ, ಸೀಕ್ವೆನ್ಸರ್ ಎಂಬ ಯಂತ್ರ ತಾನಾಗೇ ಮತ್ತೆ ಮತ್ತೆ ನುಡಿಸುವ ಸ್ವರಗಳಿವೆಯಲ್ಲ, ಅವು ಬಂದಿದ್ದೂ ಆಮೇಲೆ. 1972ರಲ್ಲಿ ಇನ್ನೂ ಅದಿಲ್ಲ. ‘ಇರ್ಲಿಷ್ಟ್’ನ ನಿಜವಾದ ಸಂಬಂಧಿಕರನ್ನು ಹುಡುಕಬೇಕೆಂದರೆ ರಾಕ್ ಕಡೆಗಿಂತ ಆರ್ಕೆಸ್ಟ್ರಾ ಕಡೆ ನೋಡಬೇಕು. ಹಂಗೇರಿಯಿಂದ ಪಶ್ಚಿಮಕ್ಕೆ ಬಂದ ಸಂಗೀತಕಾರ ಗ್ಯೋರ್ಗಿ ಲಿಗೆಟಿ 1961ರಲ್ಲಿ ‘ಅಟ್ಮೊಸ್ಫೇರ್’ ಎಂಬ ಕೃತಿ ಬರೆದರು. ದೊಡ್ಡ ಆರ್ಕೆಸ್ಟ್ರಾ, ಆದರೆ ರಾಗವೂ ಇಲ್ಲ, ತಾಳವೂ ಇಲ್ಲ, ಬರೀ ಸದ್ದಿನ ಮೋಡ. ‘2001: ಎ ಸ್ಪೇಸ್ ಒಡಿಸ್ಸಿ’ ಸಿನಿಮಾ ನೋಡಿದ್ದರೆ ಅದರಲ್ಲಿ ಕೇಳಿರುತ್ತೀರಿ. ಅದನ್ನು ಒಂಬತ್ತು ಹತ್ತು ನಿಮಿಷ ಕೇಳಿ ‘ಇರ್ಲಿಷ್ಟ್’ ಹಾಕಿ, ದಾರಿ ತಾನಾಗೇ ತೆರೆದುಕೊಳ್ಳುತ್ತದೆ.

ನಮ್ಮ ಕಿವಿಗೆ ಇದರಲ್ಲಿ ಒಂದು ಅನುಕೂಲವಿದೆ, ಒಂದು ತೊಡಕೂ ಇದೆ. ತಂಬೂರಿ ಕೇಳಿ ಬೆಳೆದವರಿಗೆ ನಿಲ್ಲದೆ ಮೊಳಗುವ ಸ್ವರ ಹೊಸದಲ್ಲ. ತಂಬೂರಿ ಒಂದನ್ನೇ ಐದು ನಿಮಿಷ ಗಮನವಿಟ್ಟು ಕೇಳಿದವರಿಗೆ ಗೊತ್ತು, ಒಂದೇ ಸ್ವರ ಅಂದುಕೊಂಡದ್ದರೊಳಗೆ ಎಷ್ಟು ಸ್ವರ ಓಡಾಡುತ್ತವೆ ಅಂತ. ಅದು ಅನುಕೂಲ. ತೊಡಕು ಏನೆಂದರೆ, ನಮ್ಮಲ್ಲಿ ತಂಬೂರಿ ಮೇಲೆ ಹಾಡು ಬರುತ್ತದೆ. ಶ್ರುತಿ ಅಂದರೆ ನೆಲ, ಅದರ ಮೇಲೆ ಯಾರೋ ನಡೆಯಬೇಕು. ಹಾಗಾಗಿ ಈ ಆಲ್ಬಮ್ ಕೇಳುವಾಗ ನಾವು ಗಾಯಕನಿಗಾಗಿ ಕಾಯುತ್ತಾ ಕೂರುತ್ತೇವೆ. ಹತ್ತು ನಿಮಿಷವಾದರೂ ಅವನು ಬರುವುದಿಲ್ಲ, ಬೇಸರ ಬರುತ್ತದೆ. ಇಲ್ಲಿ ಬರುವವರು ಯಾರೂ ಇಲ್ಲ. ನೆಲವೇ ಮೆಲ್ಲಗೆ ಕದಲುತ್ತಿದೆ. ನೆಲವನ್ನೇ ನೋಡಿ. ನನ್ನ ಒಬ್ಬ ಗೆಳೆಯನಿಗೆ ಈ ಒಂದು ಮಾತು ಹೇಳಿದ ಮೇಲೆ ಆಲ್ಬಮ್ ಹಿಡಿಸಿತು.

ಎಲ್ಪಿ ಹುಡುಕಬೇಕಾ ಅನ್ನುವ ಪ್ರಶ್ನೆಗೆ ನನ್ನ ಉತ್ತರ ಸ್ಪಷ್ಟ: ಕೇಳುವುದಕ್ಕೆ ಬೇಡ. ಮೊದಲು ಇದು ಬಂದಿದ್ದು ‘ಓರ್’ ಎಂಬ ಲೇಬಲಿನಲ್ಲಿ. ಓರ್ ಅಂದರೆ ಕಿವಿ. ರೋಲ್ಫ್ ಉಲ್ರಿಶ್ ಕೈಸರ್ ಶುರು ಮಾಡಿದ ಲೇಬಲ್, ಆ ಕಾಲದ ಹೊಸ ಜರ್ಮನ್ ಸಂಗೀತದ ದೊಡ್ಡ ಪಾಲು ಅಲ್ಲೇ ಬಂತು. ಆ ಮೊದಲ ತಟ್ಟೆ ಸಿಕ್ಕರೆ ಇಟ್ಟುಕೊಳ್ಳಲು ಚೆಂದ, ನಾನೂ ಬೇಡ ಅನ್ನುವುದಿಲ್ಲ. ಆದರೆ ಎಲ್ಪಿಯ ಒಂದು ಬದಿಗೆ ಇಪ್ಪತ್ತು ಇಪ್ಪತ್ತೆರಡು ನಿಮಿಷ ಆರಾಮಾಗಿ ಹಿಡಿಯುತ್ತದೆ. ಇಲ್ಲಿ ಮೊದಲ ಬದಿಯೇ ಅರ್ಧ ಗಂಟೆಯ ಹತ್ತಿರ. ಅಷ್ಟನ್ನು ತುಂಬಬೇಕೆಂದರೆ ಗೀರುಗಳನ್ನು ಒಂದಕ್ಕೊಂದು ಒತ್ತಿ ಕೊರೆಯಬೇಕು. ಕೆಳಸ್ವರಗಳಿಗೆ ಗೀರು ಅಗಲ ಬೇಕು, ಈ ಆಲ್ಬಮಿನಲ್ಲೋ ಕೆಳಸ್ವರ ಜಾಸ್ತಿ. ಜಾಗ ಸಾಲದೇ ಇದ್ದಾಗ ಸದ್ದಿನ ಮಟ್ಟವನ್ನೇ ಇಳಿಸಿ ಕೊರೆಯುತ್ತಾರೆ. ಆಗ ನೀವು ವಾಲ್ಯೂಮ್ ಏರಿಸುತ್ತೀರಿ, ಅದರ ಜೊತೆ ಧೂಳು, ಚಟಪಟ ಎಲ್ಲ ಏರುತ್ತವೆ. ಮುಳ್ಳು ತಟ್ಟೆಯ ನಡುವಿಗೆ ಬಂದಷ್ಟೂ ಗೀರಿನ ಸುತ್ತು ಚಿಕ್ಕದಾಗಿ ಸದ್ದಿನ ಗುಣವೂ ಇಳಿಯುತ್ತದೆ. ಆರ್ಗನ್ ದೊಡ್ಡದಾಗುವುದು ಆ ಭಾಗದಲ್ಲೇ! ಸಿಡಿಗೆ ಈ ಯಾವ ತೊಂದರೆಯೂ ಇಲ್ಲ. ಇಷ್ಟು ಉದ್ದದ, ಇಷ್ಟು ಮೆಲ್ಲಗಿನ ಸಂಗೀತಕ್ಕೆ ಮರುಬಿಡುಗಡೆಯ ಸಿಡಿ ನಿಜವಾದ ಉಪಕಾರ ಮಾಡಿದೆ.

ನಿಮ್ಮ ಕೈಲಿರುವುದು 2006ರಲ್ಲಿ ರಿವಿಸಿಟೆಡ್ ಲೇಬಲ್ ತಂದದ್ದು ಆಗಿದ್ದರೆ, ಕೊನೆಯಲ್ಲಿ ‘ಡಂಜನ್’ ಎಂಬ ಇಪ್ಪತ್ನಾಲ್ಕು ನಿಮಿಷದ ಒಂದು ಭಾಗ ಹೆಚ್ಚಿಗೆ ಇರುತ್ತದೆ. ಅದು ಮೂಲ ಆಲ್ಬಮಿನ ಭಾಗ ಅಲ್ಲ. ಕೆಟ್ಟದ್ದು ಅಂತ ಹೇಳುತ್ತಿಲ್ಲ, ಬೇರೆ ದಿನ ಬೇರೆಯಾಗಿ ಕೇಳಿ. ಸಿಲ್ಸ್ ಮರಿಯಾ ಮುಗಿದ ತಕ್ಷಣ ಪ್ಲೇಯರ್ ನಿಲ್ಲಿಸಿ. ಆ ಭಾಗ ಮುಗಿಯುವ ಮೌನವೂ ಆಲ್ಬಮಿಗೆ ಸೇರಿದ್ದು, ಅದರ ಮೇಲೆ ಇನ್ನೊಂದು ಸದ್ದು ಬಂದು ಕೂತರೆ ನನಗಂತೂ ಹಿಂಸೆಯಾಗುತ್ತದೆ.

ಹೇಗೆ ಕೇಳುವುದು? ಫೋನಿನ ಪುಟ್ಟ ಸ್ಪೀಕರಿನಲ್ಲಿ ಖಂಡಿತ ಬೇಡ. ಅದರಲ್ಲಿ ಕೆಳಸ್ವರ ಬರುವುದೇ ಇಲ್ಲ, ಬಯಲು ಹೋಗಿ ಬರೀ ಗಾಳಿ ಉಳಿಯುತ್ತದೆ. ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ಇದ್ದರೆ ಸಾಕು, ದುಬಾರಿಯದ್ದೇ ಬೇಕಿಲ್ಲ. ಈಕ್ವಲೈಜರ್, ಬಾಸ್ ಬೂಸ್ಟ್ ಎಲ್ಲ ಆಫ್ ಮಾಡಿ. ವಾಲ್ಯೂಮ್ ವಿಷಯದಲ್ಲಿ ಒಂದು ಎಚ್ಚರಿಕೆ: ಶುರುವಿನ ಮೆಲ್ಲಗಿನ ಸದ್ದು ನೋಡಿ ಜಾಸ್ತಿ ಏರಿಸಬೇಡಿ, ಆರ್ಗನ್ ಬಂದಾಗ ಕಿವಿಗೆ ಹೊಡೆಯುತ್ತದೆ. ಆರ್ಗನ್ ಬರುವ ಜಾಗಕ್ಕೆ ಮೊದಲೇ ಒಮ್ಮೆ ಹೋಗಿ, ಅಲ್ಲಿಗೆ ವಾಲ್ಯೂಮ್ ಹೊಂದಿಸಿ, ಮತ್ತೆ ಮೊದಲಿಗೆ ಬನ್ನಿ. ಕೆಲಸ ಮಾಡುತ್ತಾ ಹಿನ್ನೆಲೆಯಲ್ಲಿ ಹಾಕಿಕೊಳ್ಳುವವರೂ ಇದ್ದಾರೆ. ಮೊದಲ ಸಲ ಹಾಗೆ ಮಾಡಬೇಡಿ. ರಾತ್ರಿ ಊಟ ಆದಮೇಲೆ ದೀಪ ಆರಿಸಿ ಸುಮ್ನೆ ಕೂತು ಬಯಲಿನ ಭಾಗ ಒಂದನ್ನೇ ಪೂರ್ತಿ ಕೇಳಿ. ಒಂದೇ ಸಲಕ್ಕೆ ಮೂರೂ ಕೇಳಲೇಬೇಕೆಂದು ಹಟ ಬೇಡ.

ಹಿಡಿಸಿದರೆ ಮುಂದೆ 1973ರ ‘ಸೈಬೋರ್ಗ್’. ಇದೇ ಆರ್ಕೆಸ್ಟ್ರಾದ ಸದ್ದು ಅಲ್ಲೂ ಇದೆ, ಜೊತೆಗೆ ಲಂಡನ್ನಿನ ಇಎಂಎಸ್ ಕಂಪನಿಯ ವಿಸಿಎಸ್3 ಎಂಬ ಸಿಂಥಸೈಜರ್ ಬಂದಿದೆ. ಸಿಂಥಸೈಜರ್ ಎಲ್ಲಿ ಅಂತ ಕೇಳಿದಿರಲ್ಲ, ಅದು ಶುಲ್ಟ್ಸೆ ಆಲ್ಬಮಿಗೆ ಕಾಲಿಟ್ಟದ್ದು ಅಲ್ಲಿ. ಆಮೇಲೆ 1975ರ ‘ಟೈಮ್‌ವಿಂಡ್’, ಫ್ರಾನ್ಸಿನ ಶಾರ್ಲ್ ಕ್ರೋ ಅಕಾಡೆಮಿಯ ಪ್ರಶಸ್ತಿ ಪಡೆದದ್ದು. ಸೀಕ್ವೆನ್ಸರಿನ ಓಟ ಇಷ್ಟಪಡುವ ನಿಮಗೆ ಅದು ಬೇಗ ಹತ್ತಿರವಾಗಬಹುದು. ಅದಾದ ಮೇಲೆ 1976ರ ‘ಮೂನ್‌ಡಾನ್’. ಅದರಲ್ಲಿ ಕೇಳುವ ದೊಡ್ಡ ಮೂಗ್ ಯಾವುದು ಗೊತ್ತಾ? ಆಗಲೇ ಹೇಳಿದೆನಲ್ಲ, ಪೋಪೋಲ್ ವು ತಂಡದ ಫ್ರಿಕೆ ಹತ್ತಿರ ಇದ್ದದ್ದು, ಅದೇ. ಫ್ರಿಕೆಗೆ ಎಲೆಕ್ಟ್ರಾನಿಕ್ ಸದ್ದು ಸಾಕಾಗಿ ಪಿಯಾನೋ ಕಡೆ ತಿರುಗಿದರು, ಆ ಯಂತ್ರವನ್ನು ಶುಲ್ಟ್ಸೆಗೆ ಮಾರಿದರು. ಕೆಟ್ಟ ಆರ್ಗನ್ನಿನಿಂದ ಹೊರಟವರ ಕೈಗೆ ಆ ಯಂತ್ರ ಬರಲು ನಾಲ್ಕು ವರ್ಷದ ಹತ್ತಿರ ಹಿಡಿಯಿತು. ಈ ನಾಲ್ಕನ್ನೂ ವರ್ಷದ ಸಾಲಿನಲ್ಲೇ ಕೇಳಿ, ‘ಇರ್ಲಿಷ್ಟ್’ ಮೊದಲು. ತಮ್ಮನಿಗೆ ಹೇಳಿ, ಮುಂದಿನ ಸಲ ಬರುವಾಗ ‘ಸೈಬೋರ್ಗ್’ ತರಲಿ.